ಮನೆ, ಬಿ.ಎಡ್., ಬಸಿರು: ಮೂರರಲ್ಲಿ ಯಾವುದನ್ನು ಮುಂದೂಡಲಿ?

ಪ್ರಶ್ನೆ: ನನಗೆ 27 ವರ್ಷ. ತಿಪಟೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮೊದಲ ಬಸಿರು, ಈಗ 18 ವಾರ, ಡ್ಯೂ ಡೇಟ್ ಜನವರಿ ಕೊನೆಗೆ. ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ವಾರದಿಂದ ಇಂಟರ್ನ್‌ಶಿಪ್ ಶುರು, ಸೆಮಿಸ್ಟರ್ ಪರೀಕ್ಷೆ ಹೆರಿಗೆಯ ಆಸುಪಾಸಿನಲ್ಲೇ ಬರಬಹುದು. ಇದರ ನಡುವೆ ನಮ್ಮ 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೋಲ್ಡ್ ಹಾಕಿ ನಾಲ್ಕು ದಿನವಾಯಿತು. ಯಜಮಾನರ ಕೆಲಸ ಪೀಣ್ಯದಲ್ಲಿ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಾರೆ. ಬೆಳಿಗ್ಗೆ ಸಂಜೆ ಮೇಲೆ ಹತ್ತಿ ನೀರು ಬಿಡುವುದು, ಮರಳು ಸಿಮೆಂಟ್ ಲೆಕ್ಕ, ಶನಿವಾರದ ಬಟವಾಡೆ ಎಲ್ಲ ನನ್ನದೇ. ಮಾವ ಮನೆಯಲ್ಲೇ ಇರುತ್ತಾರೆ, ಅವರಿಗೆ ಮಂಡಿ ನೋವು. ಹೆರಿಗೆಗೆ ಮೊದಲೇ ಮನೆ ಮುಗಿಸಿ ಹೋದರೆ ತಿಂಗಳಿಗೆ 7,000 ಬಾಡಿಗೆ ಉಳಿಯುತ್ತದೆ ಎನ್ನುತ್ತಾರೆ ಯಜಮಾನರು. ಬಸುರಿ ಇರುವಾಗ ಗೃಹಪ್ರವೇಶ ಕೂಡದು ಎನ್ನುತ್ತಾರೆ ಅತ್ತೆ. ಹಿಮೋಗ್ಲೋಬಿನ್ 9.8 ಬಂದಿದೆ. ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ, ರಾತ್ರಿ ಮಲಗಿದರೆ ಅಳು ಬರುತ್ತದೆ. ಓದು ಬಿಟ್ಟುಬಿಡಲೇ? ಸೈಟಿಗೆ ಹೋಗುವುದರಿಂದ ಮಗುವಿಗೆ ತೊಂದರೆಯೇ? ಸೀಮಂತ ಮುಗಿಸಿ ಕಡೂರಿನ ತವರಿಗೆ ಯಾವಾಗ ಹೋಗಲಿ?

ಉತ್ತರ: ಓದು ಬಿಡಬೇಡಿ. ಮನೆ ಕೆಲಸವನ್ನೂ ನಿಲ್ಲಿಸಬೇಕಾಗಿಲ್ಲ. ಆದರೆ ಸೈಟಿನ ಉಸ್ತುವಾರಿ ಈ ವಾರವೇ ನಿಮ್ಮ ಕೈಯಿಂದ ಬೇರೆಯವರ ಕೈಗೆ ಹೋಗಬೇಕು, ಗೃಹಪ್ರವೇಶ ಹೆರಿಗೆಯ ಆಚೆಗೆ ಹೋಗಬೇಕು. ಮೂರರಲ್ಲಿ ಎರಡರ ತಾರೀಖು ನಿಮ್ಮ ಕೈಯಲ್ಲಿದೆ, ಮಗುವಿನದು ಇಲ್ಲ. ಹಾಗಾಗಿ ಉಳಿದ ಎರಡನ್ನೂ ಮಗುವಿನ ತಾರೀಖಿಗೆ ಹೊಂದಿಸಿಕೊಳ್ಳೋಣ.

ಮೊದಲು ನಿಮ್ಮ ರಕ್ತದ ವಿಷಯ. ನೀವು ಅದನ್ನು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ, ನಾನು ಅಲ್ಲಿಂದಲೇ ಶುರುಮಾಡುತ್ತೇನೆ. ಬಸುರಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ. 10ರಿಂದ 10.9ರವರೆಗೆ ಸೌಮ್ಯ, 7ರಿಂದ 9.9ರವರೆಗೆ ಮಧ್ಯಮ. ನಿಮ್ಮದು ಮಧ್ಯಮ ಹಂತಕ್ಕೆ ಇಳಿದಿದೆ. ಪುಸ್ತಕ ಹಿಡಿದರೆ ಕಣ್ಣು ಎಳೆಯುವುದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಸಣ್ಣದಕ್ಕೂ ಸಿಡುಕು, ಇವೆಲ್ಲ ನಿಮ್ಮ ಸೋಮಾರಿತನವೂ ಅಲ್ಲ, ಅಸಮರ್ಥತೆಯೂ ಅಲ್ಲ. ಮಿದುಳಿಗೆ, ಮಾಂಸಖಂಡಕ್ಕೆ ಆಮ್ಲಜನಕ ಒಯ್ಯುವ ರಕ್ತ ಸಾಲುತ್ತಿಲ್ಲ. ಇದೇ ದೇಹದಲ್ಲಿ ಕೂತು ಓದು ಬಿಡುವ ತೀರ್ಮಾನ ಮಾಡಬೇಡಿ. ಮೊದಲು ರಕ್ತ ಏರಲಿ.

ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇಲ್ಲದ ಬಸುರಿಗೆ ದಿನಕ್ಕೆ ಒಂದು, ನಿಮ್ಮಂಥವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು. ನಿಮ್ಮ ವೈದ್ಯರಿಗೆ ವರದಿ ತೋರಿಸಿ ಪ್ರಮಾಣ ಖಚಿತಮಾಡಿಕೊಳ್ಳಿ. ಜಂತುಹುಳುವಿನ ಮಾತ್ರೆ ತೆಗೆದುಕೊಂಡಿಲ್ಲದಿದ್ದರೆ ಅದನ್ನೂ ಕೇಳಿ, ಈ ತಿಂಗಳುಗಳಲ್ಲಿ ಒಂದು ಸಲ ಕೊಡುತ್ತಾರೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಟೀ ಕೂಡ ಹಾಗೆಯೇ, ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆಯಾದರೂ ಬಿಡಿ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ನುಗ್ಗೆಸೊಪ್ಪು, ಹುರುಳಿ, ಅಲಸಂದೆ ಊಟದಲ್ಲಿರಲಿ. ಮೊಟ್ಟೆ, ಮಾಂಸ ತಿನ್ನುವವರಾದರೆ ಧಾರಾಳವಾಗಿ ತಿನ್ನಿ. ಮಲ ಕಪ್ಪಗಾದರೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ಅದು ಸಹಜ. ಹಿಮೋಗ್ಲೋಬಿನ್ ತಿಂಗಳಿಗೆ ಒಂದು ಗ್ರಾಂನಷ್ಟು ಏರಬೇಕು. ಏರದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಇದೆ, ಅದಕ್ಕೂ ಹಿಂಜರಿಯಬೇಡಿ. ಹೆರಿಗೆಯ ಹೊತ್ತಿಗೆ ರಕ್ತ ಕಡಿಮೆಯಿದ್ದವರಿಗೆ ರಕ್ತಸ್ರಾವವಾದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ಈಗ ಸೈಟು. ಮೋಲ್ಡ್‌ಗೆ ನೀರು ನಿಲ್ಲಿಸಲೇಬೇಕು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಬಳಸಿದ್ದರೆ ಕನಿಷ್ಠ 10 ದಿನ, ಬಿಸಿಲು ಜೋರಿದ್ದರೆ ಇನ್ನೂ ಹೆಚ್ಚು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಮೇಸ್ತ್ರಿಗಳು ಹದಿನೈದಿಪ್ಪತ್ತು ದಿನ ಎನ್ನುತ್ತಾರೆ. ನೀರು ಬಿಡುವ ಕೆಲಸ ಸರಿ, ಬಿಡುವವರು ನೀವಾಗಬಾರದು. ಕಂಬಿ ಇಲ್ಲದ ಮೆಟ್ಟಿಲು, ಮೇಲೆ ಪ್ಯಾರಾಪೆಟ್ ಇಲ್ಲ, ಕಾಲಡಿ ನೀರು, ಕೈಯಲ್ಲಿ ಪೈಪು. ಇಪ್ಪತ್ತು ವಾರ ದಾಟಿದಂತೆ ಹೊಟ್ಟೆ ಮುಂದೆ ಬಂದು ದೇಹದ ತೂಕದ ಕೇಂದ್ರವೇ ಬದಲಾಗುತ್ತದೆ, ಹಾರ್ಮೋನಿನಿಂದ ಕೀಲುಗಳು ಸಡಿಲವಾಗುತ್ತವೆ. ಹಿಂದಿನ ತಿಂಗಳು ಸಲೀಸಾಗಿ ಹತ್ತಿದ ಮೆಟ್ಟಿಲಲ್ಲೇ ಮುಂದಿನ ತಿಂಗಳು ಕಾಲು ತಪ್ಪುತ್ತದೆ. ಬಿದ್ದು ಹೊಟ್ಟೆಗೆ ಪೆಟ್ಟಾದರೆ ಗರ್ಭಕೋಶದಿಂದ ಮಾಸು ಬೇರ್ಪಡಬಹುದು. ಅದು ಮೊದಲ ಒಂದೆರಡು ಗಂಟೆ ನೋವಿಲ್ಲದೆಯೂ ಶುರುವಾಗಬಹುದು. ಆದ್ದರಿಂದ ಎಲ್ಲೇ ಆಗಲಿ ಬಿದ್ದರೆ, ಏನೂ ಆಗಿಲ್ಲ ಎನ್ನಿಸಿದರೂ ಆಸ್ಪತ್ರೆಗೆ ಹೋಗಿ, ಕೆಲವು ಗಂಟೆ ಅವರ ನಿಗಾದಲ್ಲಿರಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಅಲ್ಲಿ ಮೊದಲೇ ಹೇಳಿ, ಅದಕ್ಕೆ ಬೇರೆ ಇಂಜೆಕ್ಷನ್ ಬೇಕಾಗುತ್ತದೆ.

ನಿಂತ ನೀರಿನ ಇನ್ನೊಂದು ಅಪಾಯ ಡೆಂಗಿ. ಈಡಿಸ್ ಸೊಳ್ಳೆಗೆ ಮೋಲ್ಡ್ ಮೇಲಿನ ಕಟ್ಟೆ ನೀರು, ಮುಚ್ಚಳವಿಲ್ಲದ ಸಂಪು, ನೀರು ತುಂಬಿಟ್ಟ ಡ್ರಮ್ಮು ಹೇಳಿಮಾಡಿಸಿದ ಜಾಗ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಬಸುರಿಗೆ ಡೆಂಗಿ ಬಂದರೆ ರಕ್ತಸ್ರಾವ, ಅವಧಿಗೆ ಮುಂಚಿನ ಹೆರಿಗೆ ಎರಡರ ಭಯವೂ ಇರುತ್ತದೆ. ವಾರಕ್ಕೊಮ್ಮೆ ಕಟ್ಟೆ ಒಡೆದು ನೀರು ಪೂರ್ತಿ ಹರಿಸಿ ಮತ್ತೆ ತುಂಬಲಿ, ಇಲ್ಲವೇ ಗೋಣಿಚೀಲ ಹಾಸಿ ಒದ್ದೆಯಾಗಿಡಲಿ. ಸಂಪಿಗೆ ಇವತ್ತೇ ಮುಚ್ಚಳ ಹಾಕಿಸಿ. ಈ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ನೀವು ಸೈಟಿನಲ್ಲಿರುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲೇ.

ಮುಂದಿನ ಕೆಲಸಗಳಲ್ಲಿ ಯಾವುದಕ್ಕೆ ನೀವು ಅಲ್ಲಿರಲೇಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಸೆಂಟ್ರಿಂಗ್ ಬಿಚ್ಚುವ ದಿನ ಹೋಗಬೇಡಿ. ಟೈಲ್ಸ್, ಗ್ರಾನೈಟ್ ಕತ್ತರಿಸುವಾಗ, ಪುಟ್ಟಿ ಉಜ್ಜುವಾಗ ಏಳುವ ದೂಳು ತುಂಬ ನಯವಾದದ್ದು, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಕರವಸ್ತ್ರ ಕಟ್ಟಿಕೊಂಡರೆ ನಿಲ್ಲುವುದಿಲ್ಲ. ಗೆದ್ದಲಿನ ಔಷಧಿ ಹೊಡೆಯುವ ದಿನ ಮತ್ತು ಆಮೇಲಿನ ಕೆಲವು ದಿನ ಆ ಕಡೆ ಸುಳಿಯಬೇಡಿ, ಅದು ಕೀಟನಾಶಕ. ಬಾಗಿಲು ಕಿಟಕಿಗೆ ಹೊಡೆಯುವ ಎನಾಮಲ್, ಥಿನ್ನರ್, ಮರದ ಪಾಲಿಶ್, ಇವುಗಳ ವಾಸನೆಯೇ ದ್ರಾವಕಗಳ ಆವಿ. ಗೋಡೆಗೆ ಹೊಡೆಯುವ ನೀರಿನ ಎಮಲ್ಷನ್ ಅಷ್ಟು ಕೆಟ್ಟದ್ದಲ್ಲ, ಆದರೂ ಹಸಿ ಬಣ್ಣದ ಕೋಣೆಯಲ್ಲಿ ಬಸುರಿ ಗಂಟೆಗಟ್ಟಲೆ ನಿಲ್ಲಬಾರದು. ನಮ್ಮಲ್ಲಿ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ, ಡಬ್ಬದ ಮೇಲೆ ಅದನ್ನು ನೋಡಿ ಕೊಳ್ಳಲು ಹೇಳಿ. ಬಿಟ್ಟು ಬರುವಾಗ ಬಾಡಿಗೆ ಮನೆಯ ಹಳೇ ಬಣ್ಣ ಕೆರೆದು ಬಳಿದುಕೊಡುವ ಕೆಲಸಕ್ಕಂತೂ ಕೈ ಹಾಕಲೇಬೇಡಿ. ಸೀಸ ಇರುವುದು ಆ ಹಳೇ ಪದರಗಳಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಮನೆ ನಿಮ್ಮದೇ, ನಿಮ್ಮ ಮಾತು ಅದರಲ್ಲಿ ಇರಬೇಕು. ನನಗೆ ಮುಖ್ಯವೆನ್ನಿಸುವುದು ಇದು: ಸೈಟಿಗೆ ನಿಮ್ಮಿಂದ ಬೇಕಾಗಿರುವುದು ತೀರ್ಮಾನ. ಅದಕ್ಕೆ ಅಲ್ಲಿ ಹೋಗಿ ನಿಲ್ಲಬೇಕಾಗಿಲ್ಲ. ಇನ್ನು ಹತ್ತು ವಾರದೊಳಗೆ, ಅಂದರೆ 28 ವಾರ ತುಂಬುವುದರೊಳಗೆ, ಕುರ್ಚಿಯಲ್ಲಿ ಕೂತು ಎಲ್ಲ ತೀರ್ಮಾನ ಮಾಡಿ ಬರೆದಿಟ್ಟುಬಿಡಿ. ಯಾವ ಟೈಲ್ಸ್, ಯಾವ ಬಣ್ಣ, ಯಾವ ಗೋಡೆಯಲ್ಲಿ ಎಷ್ಟು ಪಾಯಿಂಟು, ಅಡುಗೆಕಟ್ಟೆ ಎಷ್ಟು ಎತ್ತರ. ಅಂಗಡಿಗೆ ಹೋಗುವುದಿದ್ದರೆ ಈ ತಿಂಗಳುಗಳೇ ಒಳ್ಳೆಯವು, ವಾಕರಿಕೆ ಕಳೆದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಆ ಪಟ್ಟಿಯ ಒಂದು ಪ್ರತಿ ಮೇಸ್ತ್ರಿಗೆ, ಒಂದು ಮಾವನಿಗೆ, ಒಂದು ಯಜಮಾನರಿಗೆ.

ಆ ಪಟ್ಟಿಯಲ್ಲಿ ಹುಟ್ಟಲಿರುವ ಮಗುವಿಗೂ ಜಾಗ ಕೊಡಿ. ಈಗ ಸೇರಿಸಿದರೆ ಹೆಚ್ಚು ಖರ್ಚಿಲ್ಲ, ಆಮೇಲೆ ಒಡೆದು ಕಟ್ಟಬೇಕು. ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿ, ಹೊಳೆಯುವುದು ಬೇಡ. ಮೆಟ್ಟಿಲು ಮತ್ತು ಬಾಲ್ಕನಿಯ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಸಂದಿರಲಿ. ಅಡ್ಡ ಕಂಬಿ ಬೇಡ, ಮಕ್ಕಳು ಅದನ್ನೇ ಏಣಿ ಮಾಡಿಕೊಳ್ಳುತ್ತಾರೆ. ಬಾಣಂತಿಗೆ, ಅದರಲ್ಲೂ ಸಿಸೇರಿಯನ್ ಆದವರಿಗೆ ಕುಕ್ಕರುಗಾಲಲ್ಲಿ ಕೂರುವುದು ಕಷ್ಟ, ಒಂದು ಕಡೆಯಾದರೂ ವೆಸ್ಟರ್ನ್ ಕಮೋಡ್ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಸಂಪಿಗೆ ಬೀಗ ಹಾಕುವಂಥ ಭಾರದ ಮುಚ್ಚಳ. ತೆರೆದ ಸಂಪಿಗೆ ಅಂಬೆಗಾಲಿಡುವ ಕೂಸು ಬಿದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಪೇಂಟ್ ಮುಗಿಯಲಿ ಆಮೇಲೆ ನೋಡೋಣ ಎಂದು ಇದನ್ನು ಕೊನೆಗೆ ತಳ್ಳಬೇಡಿ.

ಉಸ್ತುವಾರಿ ಯಾರಿಗೆ? ಮಾವನವರಿಗೆ ಮಂಡಿ ನೋವಿದ್ದರೆ ಮೇಲೆ ಹತ್ತುವುದು ಬೇಡ. ನೆರಳಲ್ಲಿ ಕುರ್ಚಿ ಹಾಕಿ ಕೂತರೂ ಸಾಕು, ಮನೆಯವರೊಬ್ಬರು ಇದ್ದಾರೆ ಎನ್ನುವುದೇ ಕೆಲಸದ ಗತಿ ಬದಲಿಸುತ್ತದೆ. ನೀರು ಬಿಡಲು ಕೂಲಿಯವರಲ್ಲೇ ಒಬ್ಬರಿಗೆ ದಿನಕ್ಕಿಷ್ಟು ಎಂದು ಮಾತಾಡಿ. ಕಂಬಿ, ವೈರಿಂಗ್, ಪೈಪು ಮುಚ್ಚಿಹೋಗುವ ಮುಂಚೆ ಒಮ್ಮೆ ಬಂದು ನೋಡಲು ಊರಿನ ಸಿವಿಲ್ ಇಂಜಿನಿಯರ್ ಒಬ್ಬರಿಗೆ ಭೇಟಿಗಿಷ್ಟು ಎಂದು ಕೊಡಿ. ಬಟವಾಡೆಯನ್ನು ಶನಿವಾರದಿಂದ ಭಾನುವಾರ ಬೆಳಿಗ್ಗೆಗೆ ಬದಲಿಸಿ, ಯಜಮಾನರೇ ಎಣಿಸಿ ಕೊಡಲಿ. ವಾರದ ಜಗಳಗಳೆಲ್ಲ ಬರುವುದು ಬಟವಾಡೆಯ ಹೊತ್ತಿಗೆ. ಆ ಮಾತುಕತೆ ನಿಮ್ಮ ತಲೆಯಿಂದ ಇಳಿದರೆ ಅರ್ಧ ಮನೆಯೇ ಇಳಿದಂತೆ.

ಮುಂದಿನ ಭಾಗವನ್ನು ದಯವಿಟ್ಟು ನಿಮ್ಮ ಯಜಮಾನರಿಗೆ ಓದಲು ಕೊಡಿ.

ಹೆರಿಗೆಗೆ ಮೊದಲೇ ಹೊಸ ಮನೆಗೆ ಹೋಗುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಬಾಡಿಗೆಯೂ ಕಟ್ಟಿ ಸಾಲದ ಬಡ್ಡಿಯೂ ಕಟ್ಟುವುದು ಹಗುರವಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕು ತಿಂಗಳು ತಡವಾದರೆ ಬಾಡಿಗೆ 28,000. ಅವಸರದಲ್ಲಿ ಗಾರೆ ಒಣಗುವ ಮುಂಚೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಗೋಡೆಯ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ, ಬಣ್ಣ ಏಳುತ್ತದೆ, ಅದರ ರಿಪೇರಿಗೆ ಇಷ್ಟೇ ದುಡ್ಡು ಹೋಗಬಹುದು. ಬೂಸ್ಟು ಹಿಡಿದ ಕೋಣೆಯಲ್ಲಿ ಹಸುಗೂಸು ಮಲಗುವುದು ಯಾವ ವೈದ್ಯರಿಗೂ ಒಪ್ಪಿಗೆಯಾಗದು. ನಿಮ್ಮ ಹೆಂಡತಿ ಬಾಣಂತನಕ್ಕೆ ತವರಿನಲ್ಲಿರುವ ತಿಂಗಳುಗಳೇ ಮನೆಗೆ ಒಣಗಲು, ಬಣ್ಣದ ವಾಸನೆ ಹೋಗಲು ಸಿಗುವ ಕಾಲ. ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಿ.

ನಿಮ್ಮ ಅಮ್ಮ ಹೇಳುವುದನ್ನೂ ತಳ್ಳಿಹಾಕಬೇಡಿ. ಬಸುರಿ ಇರುವಾಗ ಗೃಹಪ್ರವೇಶ ಮಾಡಿದರೆ ಮಗುವಿಗೆ ಕೇಡು ಎನ್ನಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಎಂಟು ತಿಂಗಳ ಬಸುರಿ ಬೆಳಗಿನ ಜಾವ ಎದ್ದು, ಉಪವಾಸವಿದ್ದು, ಹೋಮದ ಹೊಗೆಯಲ್ಲಿ ಕೂತು, ಬಂದ ನೂರಾರು ಜನರಿಗೆ ಎದ್ದು ನಿಂತು ಉಪಚಾರ ಮಾಡಿ, ಮಾರನೇ ದಿನ ಸಾಮಾನು ಸಾಗಿಸುವುದು ಅವಳ ಮೈಗೆ ಒಳ್ಳೆಯದಲ್ಲ. ಹಿರಿಯರ ಮಾತು ಮತ್ತು ನನ್ನ ಮಾತು ಇಲ್ಲಿ ಒಂದೇ ಕಡೆ ಸೇರುತ್ತವೆ. ಬಾಣಂತಿ ಮಗುವನ್ನು ಎತ್ತಿಕೊಂಡು ಬರುವ ಹೊತ್ತಿಗೆ ಗೃಹಪ್ರವೇಶ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮನೆ ಕಟ್ಟುವಾಗ ಕೊನೆಯ ಹಂತದಲ್ಲಿ ಖರ್ಚು ಉಬ್ಬುತ್ತದೆ, ಆಗ ಕೈಗೆ ಸಿಗುವುದು ಹೆರಿಗೆಗೆ ಎತ್ತಿಟ್ಟ ಹಣ. ಅದನ್ನು ಬೇರೆ ಖಾತೆಯಲ್ಲಿಡಿ, ಸಿಸೇರಿಯನ್ ಆದರೂ ಸಾಲುವಷ್ಟು, ಎಟಿಎಂ ಕಾರ್ಡು ಅವಳ ಹತ್ತಿರ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯಲ್ಲಿ ಎರಡು ಕಂತಿನಲ್ಲಿ 5,000 ರೂಪಾಯಿ ಬರುತ್ತದೆ. ನಿಮಗೆ ಅರ್ಹತೆ ಇದೆಯೇ ಎಂದು ಅಂಗನವಾಡಿಯಲ್ಲಿ ಈ ತಿಂಗಳೇ ಕೇಳಿ.

ಇನ್ನು ಓದು, ನಿಮಗೇ ಹೇಳುತ್ತಿದ್ದೇನೆ. ನಿಮ್ಮ ವೇಳಾಪಟ್ಟಿ ನೀವು ಹೆದರಿದಷ್ಟು ಕೆಟ್ಟದಾಗಿಲ್ಲ. ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ. ಮುಂದಿನ ವಾರ ಶುರುವಾದರೆ 35 ವಾರ ತುಂಬುವ ಹೊತ್ತಿಗೆ ಮುಗಿಯುತ್ತದೆ, ದಸರಾ ರಜೆ ನಡುವೆ ಬಂದರೆ ಅದರಿಂದ ಒಂದೆರಡು ವಾರ ಮುಂದೆ. ಎನ್‌ಸಿಟಿಇಯ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು) 2014ರ ನಿಯಮದಂತೆ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು, ಉಳಿದ ತರಗತಿಗಳಿಗೆ ಶೇ 80. ಅಂದರೆ ಕಷ್ಟವಿರುವುದು ಇಂಟರ್ನ್‌ಶಿಪ್‌ನಲ್ಲಿ. ಪರೀಕ್ಷೆ ತಪ್ಪಿದರೆ ಮುಂದಿನ ಸಲ ಬರೆಯಬಹುದು, ಶಾಲೆಯ ಹಾಜರಿ ತಪ್ಪಿದರೆ ಆ ವಾರಗಳನ್ನು ಮತ್ತೆ ಕಟ್ಟುವುದು ಬಲು ತೊಡಕು. ಹಾಗಾಗಿ ಈ ನಾಲ್ಕು ತಿಂಗಳು ನಿಮ್ಮ ಶಕ್ತಿ ಹೋಗಬೇಕಾದ್ದು ಇಂಟರ್ನ್‌ಶಿಪ್‌ಗೆ. ವಾರಕ್ಕೆ ಆರು ದಿನದ ಲೆಕ್ಕದಲ್ಲಿ ನಿಮಗೆ ಸಿಗುವ ವಿನಾಯಿತಿ ಸುಮಾರು ಒಂಬತ್ತು ದಿನ. ಮೇಸ್ತ್ರಿ ಕರೆದ, ಲೋಡು ಬಂತು ಎಂದು ಅದರಲ್ಲಿ ಒಂದನ್ನೂ ಕಳೆಯಬೇಡಿ. ತಪಾಸಣೆಗೆ ಬೇಕಾದದ್ದು ಬಿಟ್ಟು ಉಳಿದದ್ದನ್ನೆಲ್ಲ ಕೊನೆಯ ವಾರಗಳಿಗೆ ಉಳಿಸಿಕೊಳ್ಳಿ.

ನಾಳೆಯೇ ಪ್ರಾಂಶುಪಾಲರನ್ನು ಕಂಡು, ತಾಯಿ ಕಾರ್ಡಿನ ಪ್ರತಿ ಇಟ್ಟು, ಲಿಖಿತ ಅರ್ಜಿ ಕೊಡಿ. ಬಾಯಿಮಾತು ಸಾಲದು. ಮನೆಗೆ ಹತ್ತಿರದ ಶಾಲೆ ಕೇಳಿ, ನೆಲ ಅಂತಸ್ತಿನ ತರಗತಿ ಕೇಳಿ. ಪಾಠ ಮಾಡುವಾಗ ನಡುನಡುವೆ ಕೂರಲು ಕುರ್ಚಿ ಕೇಳುವುದಕ್ಕೆ ನಾಚಬೇಡಿ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಿ ವಿನಾಯಿತಿಯ ನಿಯಮ ಮಾಡಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. 2023ರಲ್ಲಿ ಎಂ.ಎಡ್. ವಿದ್ಯಾರ್ಥಿನಿಯೊಬ್ಬರಿಗೆ ಹಾಜರಿ ವಿನಾಯಿತಿ ನಿರಾಕರಿಸಿದ್ದ ವಿಶ್ವವಿದ್ಯಾಲಯದ ಆದೇಶವನ್ನು ದೆಹಲಿ ಹೈಕೋರ್ಟ್ ರದ್ದುಮಾಡಿ, ಅವರ ಮನವಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. ನಿಮ್ಮ ಅರ್ಜಿಯಲ್ಲಿ ಇವೆರಡನ್ನೂ ಬರೆಯಿರಿ. ಇನ್ನೂ ಒಂದು ಸಮಾಧಾನ: ಎರಡು ವರ್ಷದ ಬಿ.ಎಡ್. ಅನ್ನು ಸೇರಿದ ದಿನದಿಂದ ಮೂರು ವರ್ಷದೊಳಗೆ ಮುಗಿಸಲು ನಿಯಮದಲ್ಲೇ ಅವಕಾಶವಿದೆ. ನಿಮ್ಮ ಮುಂದೆ ಒಂದಿಡೀ ವರ್ಷ ಬಾಕಿ ಇದೆ.

ಪಾಠಯೋಜನೆ, ರೆಕಾರ್ಡು, ಅಸೈನ್‌ಮೆಂಟುಗಳನ್ನು 30 ವಾರದೊಳಗೆ ಬರೆದು ಸಹಿ ಹಾಕಿಸಿಕೊಳ್ಳಿ. ಪರೀಕ್ಷೆ ಹೆರಿಗೆಯಾದ ಆರು ವಾರದೊಳಗೆ ಬಿದ್ದರೆ ಬಿಟ್ಟುಬಿಡಿ, ಮುಂದಿನ ಸಲ ಬರೆಯಿರಿ. ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸುತ್ತ, ಹೊಲಿಗೆ ಇನ್ನೂ ಮಾಯುತ್ತಿರುವಾಗ ಮೂರು ಗಂಟೆ ಬೆಂಚಿನ ಮೇಲೆ ಕೂತು ಬರೆಯುವುದು ಶಿಕ್ಷೆ. ಆಮೇಲೆ ಬಿದ್ದರೆ ಖಂಡಿತ ಬರೆಯಿರಿ. ಅಮ್ಮನನ್ನೋ ತಂಗಿಯನ್ನೋ ಮಗುವಿನೊಂದಿಗೆ ಕೇಂದ್ರದ ಹತ್ತಿರ ಕೂರಿಸಿ, ಒಳಗೆ ಹೋಗುವ ಮುಂಚೆ ಹಾಲೂಡಿಸಿ ಹೋಗಿ.

ರಾತ್ರಿಯ ಅಳುವಿನ ಬಗ್ಗೆ. ಇಷ್ಟು ಹೊತ್ತವರಿಗೆ ಒಮ್ಮೊಮ್ಮೆ ಅಳು ಬರುವುದು ಸಹಜ, ಉಸ್ತುವಾರಿ ಇಳಿದು ರಕ್ತ ಏರಿದರೆ ಬಹಳಷ್ಟು ಹಗುರಾಗುತ್ತದೆ. ಆದರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಬದುಕುವುದೇ ಬೇಡ ಎನ್ನಿಸಿದರೆ ಕಾಯಬೇಡಿ. ಬಸಿರಿನ ಕಾಲದ ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ, ಮಗುವಿಗೆ ತೊಂದರೆಯಾಗದ ಔಷಧಿಗಳನ್ನು ಆರಿಸಿ ಕೊಡುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೆಂದೇ ಮನೋವೈದ್ಯಕೀಯ ಸೇವೆ ಇದೆ.

ಮುಂದಿನ ವಾರಗಳಲ್ಲಿ ತಪ್ಪಿಸಬಾರದ ಪರೀಕ್ಷೆಗಳು ಎರಡು. ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಈಗಲೇ, 20 ವಾರದೊಳಗೆ. 24ರಿಂದ 28 ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಕ್ತ ಕಂಡರೆ, ನೀರು ಸೋರಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, 28 ವಾರದ ನಂತರ ಮಗು ಆಡುವುದು ಕಡಿಮೆಯಾಯಿತೆನಿಸಿದರೆ, ಮೇಸ್ತ್ರಿ ಇರಲಿ ಪಾಠವಿರಲಿ, 108ಕ್ಕೆ ಕರೆ ಮಾಡಿ ಹೊರಡಿ.

ಕೊನೆಯದಾಗಿ ತವರು. ಏಳನೇ ತಿಂಗಳ ಸೀಮಂತ ಮುಗಿಸಿ ಹಾಗೇ ಕರೆದೊಯ್ಯುವುದು ರೂಢಿ, ಆದರೆ ಹಾಗೆ ಹೋದರೆ ಇಂಟರ್ನ್‌ಶಿಪ್ ಅರ್ಧಕ್ಕೆ ನಿಲ್ಲುತ್ತದೆ. ಸೀಮಂತವನ್ನು ಭಾನುವಾರ ಇಟ್ಟುಕೊಂಡು ತಿಪಟೂರಿನಲ್ಲೇ ಮಾಡಲು ಇಬ್ಬರ ಮನೆಯವರನ್ನೂ ಒಪ್ಪಿಸಿ. ತವರಿಗೆ ಹೊರಡುವುದು 36ನೇ ವಾರದ ಹೊತ್ತಿಗೆ, ನಿಮ್ಮ ವೈದ್ಯರು ನೋಡಿ ಹೂಂ ಎಂದ ಮೇಲೆ. ಕಡೂರಿಗೆ ರೈಲಿದೆ, ಬಸ್ಸಿನ ಕುಲುಕಾಟಕ್ಕಿಂತ ಅದೇ ವಾಸಿ, ಶೌಚಾಲಯವೂ ಇರುತ್ತದೆ. ಒಬ್ಬರೇ ಹೋಗಬೇಡಿ. ಅದಕ್ಕೂ ಮುಂಚೆ ಒಮ್ಮೆ, ದಸರಾ ರಜೆಯಲ್ಲಿ, ಹೆರಿಗೆ ಮಾಡಿಸಬೇಕೆಂದಿರುವ ಅಲ್ಲಿನ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ ಬನ್ನಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡುವ ವ್ಯವಸ್ಥೆ ಇದೆಯೇ, ರಕ್ತ ಎಲ್ಲಿಂದ ತರಿಸುತ್ತಾರೆ ಎಂದು ಕೇಳಿಕೊಳ್ಳಿ. ತಾಯಿ ಕಾರ್ಡು, ಸ್ಕ್ಯಾನ್ ವರದಿಗಳು, ರಕ್ತದ ಗುಂಪಿನ ಚೀಟಿ ಒಂದೇ ಕವರಿನಲ್ಲಿರಲಿ, ಮನೆಯ ಬಿಲ್ಲುಗಳ ಜೊತೆ ಕಲೆಸಬೇಡಿ.